ಉತ್ತರದ ಛಾವಣಿ

ನವೆಂಬರ್ ಮೂರನೆಯ ವಾರ ಉತ್ತರ ಜಪಾನಿನ ನಮ್ಮೂರು ಓಬನಜವಾದಲ್ಲಿ ಎಲ್ಲರೂ ಕಾರಿನ ಟೈರ್ ಬದಲಿಸುತ್ತಾರೆ. ಹಿಮದ ಟೈರ್ ಹಾಕಿಸದವನು ಡಿಸೆಂಬರಿನಲ್ಲಿ ಕಾರಿನ ಸಮೇತ ಯಾರದೋ ಗದ್ದೆಯಲ್ಲಿ ಬಿದ್ದಿರುತ್ತಾನೆ. ಆ ವರ್ಷ ನಮ್ಮ ಟೈರುಗಳನ್ನು ನಾನೇ ಬಿಚ್ಚಿ ನಾನೇ ಹಾಕಿದೆ. ಅದನ್ನು ಎದುರುಮನೆಯವರು ಕಿಟಕಿಯಿಂದ ನೋಡಿದರು. ಅವರು ನೋಡಿದ್ದನ್ನು ನನ್ನ ಗಂಡ ಕಾತ್ಸುಮಿ ನೋಡಿದರು. ಜಗಳ ಶುರುವಾಗಿದ್ದು ಅಲ್ಲಿಂದ.

"ಗ್ಯಾರೇಜಿನವನು ನಾಲ್ಕು ಸಾವಿರ ಯೆನ್ ಕೇಳ್ತಾನೆ, ಅಷ್ಟೆ. ಅದಕ್ಕೋಸ್ಕರ ಬೀದೀಲಿ ಕೂತು ಮಾನ ಕಳೀಬೇಕಿತ್ತಾ?"

"ನಾಲ್ಕು ಸಾವಿರ ಅಷ್ಟೇನಾ? ಕೊಡಿ ಹಾಗಾದ್ರೆ, ಬಿಚ್ಚಿ ಅವನ ಹತ್ರಾನೇ ಹಾಕಿಸ್ತೀನಿ."

ಕೊಡಲಿಲ್ಲ. ಕೊಡಲು ಇರಲಿಲ್ಲ, ಪಾಪ. ಆಗಸ್ಟ್‌ನಲ್ಲಿ ಮರದ ಕಾರ್ಖಾನೆಯಲ್ಲಿ ಬೀರುವಿನ ಹಲಗೆ ಎತ್ತಲು ಹೋಗಿ ಅವರ ಬೆನ್ನುಮೂಳೆ ಜಾರಿತ್ತು. ಶಸ್ತ್ರಚಿಕಿತ್ಸೆ ಆಯಿತು. ಒಂದು ವರ್ಷ ಐದು ಕಿಲೋಗಿಂತ ಹೆಚ್ಚು ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರು. ಕಾರ್ಖಾನೆಯವರು ಅವರನ್ನು ಗೇಟಿನ ಬಳಿ ಕೂರಿಸಿ, ಬಂದುಹೋಗುವ ಲಾರಿಗಳ ನಂಬರ್ ಬರೆಸುತ್ತಿದ್ದರು. ಸಂಬಳ ಮುಕ್ಕಾಲಿಗಿಂತ ಕಡಿಮೆ. ನಾನು ಊರಿನ ಶಾಲೆಗಳಿಗೆ ಮಧ್ಯಾಹ್ನದ ಊಟ ಬೇಯಿಸುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಆರುನೂರು ಮಕ್ಕಳ ಸಾರು ಕಲಕುವ ಕೈ ನನ್ನದು. ನಾಲ್ಕು ಟೈರು ನನಗೆ ಯಾವ ಲೆಕ್ಕ?

ಅಂದು ರಾತ್ರಿ ಊಟಕ್ಕೆ ಉದೊನ್ ಶ್ಯಾವಿಗೆ ಬೇಯಿಸಿದ್ದೆ. ನಮ್ಮ ಕಡೆ ಅದನ್ನು ತಟ್ಟೆಗೆ ಬಡಿಸುವುದಿಲ್ಲ. ಬೇಯಿಸಿದ ಪಾತ್ರೆಯನ್ನೇ ಮೇಜಿನ ನಡುವೆ ಇಟ್ಟು, ಎಲ್ಲರೂ ಅದರಿಂದಲೇ ಎಳೆದೆಳೆದು, ಡಬ್ಬಿಯ ಮೀನು ಮತ್ತು ಹುದುಗಿಸಿದ ಸೋಯಾ ಕಾಳಿನಲ್ಲಿ ಅದ್ದಿ ತಿನ್ನುತ್ತೇವೆ. ಅಗ್ಗದ ಊಟ, ಹೊಟ್ಟೆ ಮಾತ್ರ ಗಟ್ಟಿಯಾಗಿ ತುಂಬುತ್ತದೆ.

ಊಟದ ನಡುವೆ ಕಾತ್ಸುಮಿ ಫೋನ್ ತೆಗೆದುಕೊಂಡರು. "ಸುಗಾವರಾಸಾನ್‌ಗೆ ಹೇಳಿಬಿಡ್ತೀನಿ. ಈಗಲೇ ಹೇಳದಿದ್ರೆ ಆಮೇಲೆ ಅವರು ಸಿಗಲ್ಲ."

ಸುಗಾವರಾ, ಮರ್ಯಾದೆಗೆ ನಾವು ಸುಗಾವರಾಸಾನ್ ಎನ್ನುವವನು, ಕೆಳಗಿನ ಹಳ್ಳಿಯ ರೈತ. ಚಳಿಗಾಲದಲ್ಲಿ ಆಳುಗಳನ್ನು ಕಟ್ಟಿಕೊಂಡು ಭಾರಕ್ಕೆ ಮನೆ ಮುರಿಯದಂತೆ ಛಾವಣಿಗಳಿಂದ ಹಿಮ ಇಳಿಸುವ ಗುತ್ತಿಗೆ ಹಿಡಿಯುತ್ತಾನೆ. ಹಿಂದಿನ ವರ್ಷದವರೆಗೆ ನಮ್ಮ ಛಾವಣಿಗೆ ಕಾತ್ಸುಮಿಯೇ ಹತ್ತುತ್ತಿದ್ದರು. ಈ ವರ್ಷ ಅದು ಕನಸಿನ ಮಾತು.

"ಒಬ್ಬ ಆಳಿಗೆ ಎಷ್ಟಂತೆ?" ಎಂದೆ.

"ಇಪ್ಪತ್ತೆರಡು ಸಾವಿರ."

"ಮೂರು ಆಳು. ಚಳಿಗಾಲಕ್ಕೆ ನಾಲ್ಕು ಸಲ. ಅಂದ್ರೆ ಎರಡು ಲಕ್ಷ ಅರವತ್ತನಾಲ್ಕು ಸಾವಿರ ಯೆನ್. ಮಿನೋರಿ ಶಾಲೆಗೆ ಸೇರೋಕೆ ಎಷ್ಟು ಕಟ್ಟಬೇಕು, ಹೇಳಿ ನೋಡೋಣ?"

ಎಲ್ಲರಿಗೂ ಗೊತ್ತಿತ್ತು. ನಮ್ಮ ಮಗಳು ಮಿನೋರಿಗೆ ಹದಿನೆಂಟು. ಯಮಗಾತಾ ನಗರದ ಕೇಶಾಲಂಕಾರ ಶಾಲೆಗೆ ಅರ್ಜಿ ಹಾಕಿದ್ದಳು. ಜನವರಿ ಕೊನೆಯಲ್ಲಿ ಸಂದರ್ಶನ. ಆಯ್ಕೆಯಾದರೆ ಫೆಬ್ರುವರಿ ಇಪ್ಪತ್ತರೊಳಗೆ ಎರಡೂವರೆ ಲಕ್ಷ ಕಟ್ಟಬೇಕು. ಒಂದು ದಿನ ತಡವಾದರೂ ಸೀಟು ಬೇರೆಯವರಿಗೆ. ಅಂಚೆ ಕಚೇರಿಯಲ್ಲಿ ನಮಗಿದ್ದದ್ದು ಚಳಿಗಾಲಕ್ಕೆಂದು ಎತ್ತಿಟ್ಟ ಆ ಛಾವಣಿಯ ದುಡ್ಡು ಒಂದೇ. ಆಳುಗಳನ್ನು ಒಂದೇ ಒಂದು ಸಲ ಕರೆಸಿದರೂ ಅರವತ್ತಾರು ಸಾವಿರ ಹೋಗಿ, ಸೀಟಿನ ದುಡ್ಡು ತುಂಡು ಬೀಳುತ್ತಿತ್ತು.

"ಈ ಸಲ ಛಾವಣಿ ನಾನು ಹತ್ತುತ್ತೀನಿ. ಇನ್ಮೇಲೆ ಈ ಮನೇಲಿ ದುಡ್ಡು ಕೊಟ್ಟು ಮಾಡಿಸೋ ಕೆಲಸ ಒಂದೂ ಇಲ್ಲ. ಕ್ಷೌರ ಇಲ್ಲ, ಇಸ್ತ್ರಿ ಅಂಗಡಿ ಇಲ್ಲ, ಅಂಗಡಿ ಪಲ್ಯ ಇಲ್ಲ, ಸುಗಾವರಾನೂ ಇಲ್ಲ."

"ಹುಚ್ಚು ಹಿಡಿದಿದೆಯಾ ನಿನಗೆ? ಹೆಂಡತೀನ ಛಾವಣಿ ಹತ್ತಿಸಿ ಗಂಡ ಕೊತಾತ್ಸು ಬಿಸಿಮೇಜಿನ ಕೆಳಗೆ ಕಾಲು ಬಿಸಿ ಮಾಡ್ಕೊಂಡು ಕೂತಿದ್ದಾನೆ ಅಂತ ಊರೆಲ್ಲ ಆಡ್ಕೊಳ್ಳಲ್ವಾ?"

"ಆಡ್ಕೊಳ್ಳಲಿ. ಊರವರು ಮಿನೋರಿ ಫೀಸು ಕಟ್ತಾರಾ?"

ಅತ್ತೆಯವರ ಹೆಸರು ಫುಜಿನೊ. ಎಪ್ಪತ್ತೊಂಬತ್ತು ವರ್ಷ. ಸೊಂಟ ಬಗ್ಗಿ ನೆಲ ನೋಡುವಂತಾಗಿದೆ, ಬಾಯಿ ಮಾತ್ರ ನೆಟ್ಟಗಿದೆ. ಅವರು ಉಪ್ಪಿನ ಮೂಲಂಗಿಯನ್ನು ಕರಂ ಕರಂ ಎಂದು ಅಗಿಯುತ್ತ ಇಬ್ಬರ ಮುಖವನ್ನೂ ನೋಡಿದರು. ನನ್ನ ಕಡೆಗೋ ಮಗನ ಕಡೆಗೋ ಎಂದು ಕಾದೆ.

"ಉದೊನ್ ಆರ್ತಾ ಇದೆ, ತಿನ್ರೋ," ಎಂದರು ಅಷ್ಟೆ.

ಹೇಳಿದ ಮೇಲೆ ಮಾಡಬೇಕಲ್ಲ. ಮಾಡಿದೆ. ಕಾತ್ಸುಮಿಯ ಕೋಟನ್ನು ಇಸ್ತ್ರಿ ಅಂಗಡಿಗೆ ಕೊಡುವ ಬದಲು ಬಚ್ಚಲಲ್ಲಿ ಕಾಲಿನಿಂದ ತುಳಿದು ಒಗೆದೆ. ತೋಳು ಎರಡು ಬೆರಳು ಗಿಡ್ಡವಾಯಿತು. ಅಂಗಡಿಯ ಪಲ್ಯ ನಿಲ್ಲಿಸಿ ಭಾನುವಾರ ಕೂತು ವಾರಕ್ಕಾಗುವಷ್ಟು ಬೇಯಿಸಿದೆ. ಬುಧವಾರದ ಹೊತ್ತಿಗೆ ಎಲ್ಲರಿಗೂ ಕುಂಬಳಕಾಯಿ ಕಂಡರೆ ಆಗುತ್ತಿರಲಿಲ್ಲ.

ಕ್ಷೌರ ಮಿನೋರಿಯ ಪಾಲಿಗೆ ಬಂತು. ಅಪ್ಪನನ್ನು ಅಡುಗೆಮನೆಯ ಸ್ಟೂಲ್ ಮೇಲೆ ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ, ನಾಲಿಗೆ ಹೊರಹಾಕಿಕೊಂಡು ಮುಕ್ಕಾಲು ಗಂಟೆ ಕತ್ತರಿ ಆಡಿಸಿದಳು. ಕಾತ್ಸುಮಿ ಎದ್ದು ಕನ್ನಡಿ ನೋಡಿದರು. ತಲೆಯ ಹಿಂಭಾಗದಲ್ಲಿ ಮೂರು ಮೆಟ್ಟಿಲು.

"ಈ ಕೆಲಸಕ್ಕೆ ಎರಡೂವರೆ ಲಕ್ಷನಾ?"

"ಅದಕ್ಕೇ ಅಲ್ವಾ ಅಪ್ಪ ಶಾಲೆಗೆ ಹೋಗ್ತೀನಿ ಅನ್ನೋದು? ಬರ್ತಿದ್ರೆ ಯಾಕೆ ಹೋಗ್ತಿದ್ದೆ?"

ಅತ್ತೆ ಬಗ್ಗಿದ ಸೊಂಟದಲ್ಲೇ ನಕ್ಕು ನಕ್ಕು ಕೆಮ್ಮಿದರು. "ಬಿಡೋ, ಹೆಲ್ಮೆಟ್ ಹಾಕಿದ್ರೆ ಕಾಣಲ್ಲ," ಎಂದರು. ಕಾತ್ಸುಮಿಗೆ ನಗು ಬರಲಿಲ್ಲ. ಅವರ ಹೆಲ್ಮೆಟ್ ಅನ್ನು ನಾನು ಆಗಲೇ ಛಾವಣಿಯ ಕೆಲಸಕ್ಕೆಂದು ಎತ್ತಿಟ್ಟಿದ್ದೆ.

ಡಿಸೆಂಬರ್ ಇಪ್ಪತ್ತರ ಹೊತ್ತಿಗೆ ಛಾವಣಿಯ ಮೇಲೆ ಸೊಂಟದೆತ್ತರ ಹಿಮ ನಿಂತಿತು. ಭಾನುವಾರ ಬೆಳಿಗ್ಗೆ ಏಣಿ ಇಟ್ಟೆ. ಎರಡು ಕೈಯಲ್ಲಿ ತಳ್ಳುವ ಅಗಲವಾದ ಸಲಿಕೆ ನಮ್ಮಲ್ಲಿದೆ. ಹೆಂಗಸರೂ ಸುಲಭವಾಗಿ ತಳ್ಳಬಹುದು ಎಂದು ಅದಕ್ಕೆ ಅಂಗಡಿಗಳಲ್ಲಿ 'ಅಮ್ಮನ ಸಲಿಕೆ' ಎಂದೇ ಹೆಸರು. ಹೆಸರಿಟ್ಟವನು ಅದನ್ನು ಹೊತ್ತು ಏಣಿ ಹತ್ತಿರಲಿಕ್ಕಿಲ್ಲ.

ಕಾತ್ಸುಮಿ ಬೀದಿಯ ಕಡೆಯ ಕಿಟಕಿಗಳ ಪರದೆಯನ್ನೆಲ್ಲ ಎಳೆದು ಒಳಗೆ ಕೂತರು. ಹೊರಗೆ ಬಂದವರು ಅತ್ತೆ. ರಬ್ಬರ್ ಬೂಟು, ತಲೆಗೆ ಟವೆಲು, ಕೈಯಲ್ಲಿ ಬಿದಿರುಕೋಲು.

"ಹಗ್ಗ ಎಲ್ಲಿ?"

"ಸೊಂಟಕ್ಕೆ ಕಟ್ಟಿದ್ದೀನಲ್ಲ ಅತ್ತೆ."

"ಇನ್ನೊಂದು ತುದಿ ಎಲ್ಲಿ ಕಟ್ಟಿದ್ದೀಯ? ಗಾಳಿಗಾ? ನೀನು ಯಾವ ಕಡೆ ಕೆಲಸ ಮಾಡ್ತೀಯೋ ಅದರ ಆಚೆ ಕಡೆ ಕಟ್ಟು. ಹಗ್ಗ ಛಾವಣಿ ನೆತ್ತಿ ದಾಟಿ ಹೋಗ್ಬೇಕು. ಜಾರಿದ್ರೆ ನೆತ್ತಿ ಹಿಡ್ಕೊಳ್ಳತ್ತೆ."

ಕಟ್ಟಿದೆ. ಹತ್ತಿದೆ. ಕೆಳಗಿನಿಂದ ಕೋಲು ಆಡಿಸುತ್ತ ಅವರು ಕೂಗುತ್ತಿದ್ದರು. ತಗಡು ಕಾಣೋವರೆಗೂ ಕೆರೆಯಬೇಡ, ಒಂದು ಗೇಣು ಹಿಮ ಬಿಡು, ಕಾಲಿಗೆ ಹಿಡಿತ ಸಿಗುತ್ತದೆ. ದೊಡ್ಡ ತುಂಡು ಕತ್ತರಿಸಬೇಡ. ಸೂರಿನ ಅಂಚಿಗೆ ಹೋಗಬೇಡ. ದಕ್ಷಿಣದ ಕಡೆ ಸ್ವಲ್ಪ ಇಳಿಸುವಷ್ಟರಲ್ಲಿ ಸಾಕು ಬಾ, ಇನ್ನು ಉತ್ತರಕ್ಕೆ ಹೋಗು ಎನ್ನುವರು. ಉತ್ತರದಲ್ಲಿ ಕೈ ಕೂಡಿ ಬರುವಷ್ಟರಲ್ಲಿ ಮತ್ತೆ ದಕ್ಷಿಣ. ಪ್ರತಿ ಸಲವೂ ಹಗ್ಗ ಬಿಚ್ಚಿ ಆಚೆ ಕಟ್ಟಬೇಕು. ಮುದುಕಿಯ ಹಠ ಎಂದುಕೊಂಡೆ. ಯಾಕೆ ಎಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮಲ್ಲಿ ಕೆಲಸ ಕಲಿಸುವವರು ಕಾರಣ ಹೇಳುವುದಿಲ್ಲ.

ಮಧ್ಯಾಹ್ನ ಕೆಳಗಿಳಿದು ಎಲ್ಲರೊಡನೆ ಮಿಸೊ ಸಾರು ಕುಡಿಯುತ್ತ ಕೇಳಿದೆ.

"ನಿಮಗೆ ಇದೆಲ್ಲ ಹೇಗೆ ಗೊತ್ತು ಅತ್ತೆ?"

"ನಿಮ್ಮ ಮಾವ ಭತ್ತ ಕೊಯ್ದಾಕ್ಷಣ ಟೋಕಿಯೊಗೆ ರಸ್ತೆ ಅಗೆಯೋಕೆ ಹೋಗ್ತಿದ್ರು. ಬರ್ತಿದ್ದಿದ್ದು ಮಾರ್ಚ್‌ಗೆ. ಆಗೆಲ್ಲ ಈ ಊರಲ್ಲಿ ಚಳಿಗಾಲದಲ್ಲಿ ಗಂಡಸರು ಅಂತ ಇರ್ತಿದ್ದೋರು ಪೋಸ್ಟ್‌ಮ್ಯಾನು, ಪೂಜಾರಿ ಇಬ್ರೇ. ಹಿಮ ಅವರಿಗೆ ಕಾಯ್ತಿತ್ತಾ?"

ಕಾತ್ಸುಮಿ ಬಟ್ಟಲಿನಿಂದ ತಲೆ ಎತ್ತಿದರು. "ಅಮ್ಮ, ನನಗೆ ನೆನಪೇ ಇಲ್ಲ."

"ನಿನ್ನನ್ನ ನನ್ನ ಬೆನ್ನಿಗೆ ಕಟ್ಕೊಂಡಿದ್ದೆ, ನೀನು ನಿದ್ದೆ ಮಾಡ್ತಿದ್ದೆ. ನಿನಗೆಲ್ಲಿಂದ ನೆನಪಿರತ್ತೆ?"

ಮರುದಿನ ಬೆಳಿಗ್ಗೆ ನನ್ನ ಗಂಡ ಬೀದಿಯ ಕಡೆಯ ಪರದೆ ತೆಗೆದಿದ್ದರು.

ಜನವರಿ ಮೊದಲ ವಾರ ಇನ್ನೊಮ್ಮೆ ಇಳಿಸಿದೆ. ಅಷ್ಟು ಹೊತ್ತಿಗೆ ಅಂಗೈ ಒರಟಾಗಿತ್ತು, ಧೈರ್ಯ ಬಂದಿತ್ತು. ಧೈರ್ಯದ ಜೊತೆಗೆ ಸೊಕ್ಕೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ? ಊಟದ ಅಡುಗೆಮನೆಯಲ್ಲಿ ಜೊತೆಯವರು ನನ್ನನ್ನು 'ಛಾವಣಿಯ ಇಕುಯೊ' ಎಂದು ಕರೆಯತೊಡಗಿದರು. ನನಗೆ ಒಳಗೊಳಗೇ ಖುಷಿ.

ಜನವರಿ ಇಪ್ಪತ್ತೆರಡರಿಂದ ನಾಲ್ಕು ದಿನ ಬಿಡದೆ ಸುರಿಯಿತು. ಇಪ್ಪತ್ತಾರು, ಭಾನುವಾರ, ನಾನು ಮೂರನೆಯ ಸಲ ಹತ್ತಿದೆ. ಮಿನೋರಿ ಒಳಗೆ ಸಂದರ್ಶನಕ್ಕೆ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಯಮಗಾತಾದಲ್ಲಿ ಇರಬೇಕಿತ್ತು. ಅತ್ತೆ ಎಂದಿನಂತೆ ಕೋಲು ಹಿಡಿದು ಕೆಳಗೆ ನಿಂತರು.

"ಸಾಕು ಆ ಕಡೆ! ಈಗ ಉತ್ತರಕ್ಕೆ ಹೋಗು! ಇಕುಯೊ! ಕೇಳಿಸ್ತಾ? ಉತ್ತರಕ್ಕೆ!"

ಎದುರುಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯಾಕೆ ಅಂಗಳದ ಹಿಮ ಸರಿಸುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ನನಗೆ ನೆತ್ತಿಗೇರಿತು.

"ಅತ್ತೆ, ಕಾಗೆ ಥರ ಕೂಗ್ಬೇಡಿ! ಊರೆಲ್ಲ ನೋಡ್ತಿದೆ! ನನಗೆ ಗೊತ್ತು, ಒಳಗೆ ಹೋಗಿ ನೀವು!"

ಕೆಳಗೆ ಸದ್ದು ನಿಂತಿತು. ನೋಡಿದರೆ ಅತ್ತೆ ಕೋಲು ಊರಿಕೊಂಡು ನಿಧಾನಕ್ಕೆ ಒಳಗೆ ಹೋಗುತ್ತಿದ್ದರು. ಅಯ್ಯೋ ಎನಿಸಿತು. ಕರೆಯಬೇಕಿತ್ತು, ಕರೆಯಲಿಲ್ಲ.

ದಕ್ಷಿಣದ ಕಡೆ, ಅಂದರೆ ಬೀದಿಗೆ ಕಾಣುವ ಕಡೆ, ಅಂದು ನಾನು ಪೂರ್ತಿ ಇಳಿಸಿದೆ. ಹೋಗಿಬರುವವರು ನಿಂತು ನೋಡಿ "ಭಲೇ" ಎಂದರು. ಉತ್ತರದ ಕಡೆ ಬಿಸಿಲು ಬೀಳದ ಹಿಮ, ಕಲ್ಲಿನ ಹಾಗೆ ಗಟ್ಟಿ. ಅಲ್ಲಿಗೆ ಹೋಗುವಷ್ಟರಲ್ಲಿ ಕತ್ತಲಾಯಿತು. ನಾಳೆ ಸೋಮವಾರ ಕೆಲಸ, ಮುಂದಿನ ಭಾನುವಾರ ನೋಡೋಣ ಎಂದು ಇಳಿದುಬಿಟ್ಟೆ. ಆ ಎರಡು ದಿನ ಅತ್ತೆ ನನ್ನೊಡನೆ ಮಾತಾಡಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಮಗನಿಗೆ ಹೇಳುವರು, ಮಗ ನನಗೆ ಹೇಳುವರು. ಸೋಮವಾರ ಮತ್ತೆ ಮೊಣಕಾಲೆತ್ತರ ಬಿತ್ತು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಮಿನೋರಿ ಕರೆದಳು. "ಅಮ್ಮಾ, ನನ್ನ ರೂಮಿನ ಬಾಗಿಲು ಬರ್ತಿಲ್ಲ!"

ನಮ್ಮ ಮನೆಯಲ್ಲಿ ಎಲ್ಲವೂ ಜಾರುಬಾಗಿಲು. ಹೊರಗಿನಿಂದ ನಾನು, ಒಳಗಿನಿಂದ ಅವಳು, ಇಬ್ಬರೂ ಎಳೆದೆವು. ಒಂದು ಗೇಣು ಸರಿಯಿತು. ಅವಳು ಉಸಿರು ಬಿಗಿಹಿಡಿದು ಅಡ್ಡಡ್ಡ ನುಸುಳಿ ಬಂದಳು. ಮುಂಬಾಗಿಲಿಗೆ ಓಡಿದರೆ ಅದಂತೂ ಅಲುಗಲೇ ಇಲ್ಲ. ಮೇಲಿನ ಚೌಕಟ್ಟು ಬಾಗಿ ಬಾಗಿಲಿನ ತಲೆಯ ಮೇಲೆ ಕೂತಿತ್ತು. ಹಿಂಬಾಗಿಲು ಹಿಮದಲ್ಲಿ ಹೂತುಹೋಗಿತ್ತು. ರೈಲು ಏಳು ಇಪ್ಪತ್ತಕ್ಕೆ.

ಕಾತ್ಸುಮಿ ಬಂದವರೇ ಭುಜ ಕೊಟ್ಟು ಬಾಗಿಲು ತಳ್ಳಲು ಹೋದರು.

"ಬಿಡ್ರೀ! ಬೆನ್ನು ಮುರ್ಕೊಂಡು ಮತ್ತೆ ಆಸ್ಪತ್ರೆಗೆ ದುಡ್ಡು ಸುರೀಬೇಕಾ?"

"ಮಗಳ ರೈಲು ಹೋಗತ್ತೆ ಕಣೆ!"

"ಬಚ್ಚಲ ಕಿಟಕಿ," ಎಂದರು ಅತ್ತೆ. ಎರಡು ದಿನದ ನಂತರ ಅವರಿಂದ ಬಂದ ಮೊದಲ ಮಾತು. "ಅದು ಜಾರೋ ಕಿಟಕಿ ಅಲ್ಲ, ತಳ್ಳೋ ಕಿಟಕಿ. ಬರತ್ತೆ."

ಬಂತು. ಮಿನೋರಿ ಸಂದರ್ಶನಕ್ಕೆಂದು ಇಸ್ತ್ರಿ ಮಾಡಿದ್ದ ಕಪ್ಪು ಸ್ಕರ್ಟನ್ನು ಮಡಚಿ ಚೀಲಕ್ಕೆ ತುರುಕಿ, ಅಪ್ಪನ ಮಳೆಪ್ಯಾಂಟು ಹಾಕಿಕೊಂಡು, ತೊಟ್ಟಿಯ ಅಂಚು ಹತ್ತಿ ಕಿಟಕಿಯಿಂದ ಹೊರಗೆ ಹಾರಿದಳು. ಸೊಂಟದವರೆಗೆ ಹೂತಳು. ನಾನು ಒಳಗಿನಿಂದ ಚೀಲ ಎಸೆದೆ, ಶೂ ಎಸೆದೆ.

"ಓಡು! ತಲೆ ಬಾಚ್ಕೊ, ರೈಲಲ್ಲಿ!"

"ಕೇಶಾಲಂಕಾರ ಶಾಲೆಗೆ ಹೋಗೋಳಿಗೆ ಹೇಳ್ಕೊಡ್ಬೇಕಾ!" ಎಂದು ಕೂಗುತ್ತಲೇ ಓಡಿದಳು.

ಏಳೂಕಾಲಿಗೆ ಫೋನ್ ಬಂತು. ಹತ್ತಿದ್ದಳು. ಅದೇ ಹೊತ್ತಿಗೆ ತಲೆಯ ಮೇಲೆ, ತೊಲೆಯೊಳಗೆಲ್ಲೋ, ಟಕ್ ಎಂದಿತು. ಮೂವರೂ ಮೇಲೆ ನೋಡಿದೆವು.

"ಒಂದು ಕಡೆ ಖಾಲಿ, ಒಂದು ಕಡೆ ಭಾರ," ಎಂದರು ಅತ್ತೆ. "ಮನೆ ಆ ಕಡೆ ವಾಲ್ತಾ ಇದೆ. ಎರಡೂ ಕಡೆ ಸಮ ಇಳಿಸ್ಬೇಕು ಅಂತಾನೇ ಬಡ್ಕೊಂಡೆ ನಾನು."

"ಯಾಕೆ ಅಂತ ಹೇಳಿರ್ಲಿಲ್ಲ ನೀವು."

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ತಪ್ಪು ನನ್ನದೇ. ಬೀದಿಯವರ "ಭಲೇ"ಗೆ ಮರುಳಾಗಿ ಮನೆಯನ್ನೇ ಸೊಟ್ಟ ಮಾಡಿದ್ದೆ.

ಕಾತ್ಸುಮಿ ಆಗಲೇ ಸುಗಾವರಾಗೆ ಫೋನ್ ಹಚ್ಚಿದ್ದರು. "ಗುರುವಾರವಾ? ಅದಕ್ಕೂ ಮೊದಲು ಆಗಲ್ವಾ? ಮೂರು ಆಳು... ಹೂಂ, ಅರವತ್ತಾರು ಸಾವಿರ. ಆಗಲಿ. ಬನ್ನಿ."

"ರೀ, ಅದು ಮಿನೋರಿ ದುಡ್ಡು!"

"ಮನೆ ಬಿದ್ರೆ ಮಿನೋರಿ ಎಲ್ಲಿ ಮಲಗ್ತಾಳೆ? ನಿನ್ನ ಹಠಕ್ಕೆ ಮನೆ ಮುರೀಲಾ?"

"ಅವಳು ಅಲ್ಲಿ ಸಂದರ್ಶನಕ್ಕೆ ಕೂತಿರ್ತಾಳೆ, ನಾವು ಇಲ್ಲಿ ಅವಳ ಸೀಟು ಮಾರ್ತಾ ಇರೋದಾ?"

ಅತ್ತೆ ಕೋಲಿನಿಂದ ನೆಲ ಕುಟ್ಟಿದರು. "ಇಬ್ರೂ ಬಾಯಿ ಮುಚ್ಚಿ. ಗುರುವಾರದವರೆಗೆ ತೊಲೆ ಕಾಯಲ್ಲ. ಆಳು ಬರಲಿ, ಬಿಡಲಿ, ಉತ್ತರದ ಹಿಮ ಇವತ್ತೇ ಇಳೀಬೇಕು. ಇಕುಯೊ, ಕೆಲಸಕ್ಕೆ ರಜ ಹೇಳು."

ಹೇಳಿದೆ. ಬಚ್ಚಲ ಕಿಟಕಿಯಿಂದಲೇ ಸಲಿಕೆ ದಾಟಿಸಿದೆ, ನಾನೂ ದಾಟಿದೆ. ಹಿಂದೆ ಏನೋ ದೊಪ್ಪೆಂದಿತು. ತಿರುಗಿ ನೋಡಿದರೆ ಕಾತ್ಸುಮಿ, ಹಿಮದಲ್ಲಿ ಕೂತಿದ್ದರು, ಬೆನ್ನಿಗೆ ಬೆಲ್ಟು ಬಿಗಿದುಕೊಂಡು.

"ನೀವ್ಯಾಕೆ ಬಂದ್ರಿ?"

"ಡಾಕ್ಟರು ಭಾರ ಎತ್ತಬೇಡ ಅಂದಿದ್ದಾರೆ. ಹಗ್ಗ ಹಿಡೀಬೇಡ ಅಂದಿಲ್ಲ."

ನಾನು ಉತ್ತರದಲ್ಲಿ ಕೆಲಸ ಮಾಡಿದರೆ ಹಗ್ಗ ನೆತ್ತಿ ದಾಟಿ ದಕ್ಷಿಣಕ್ಕೆ ಬರಬೇಕು. ದಕ್ಷಿಣವೆಂದರೆ ಬೀದಿ. ಕಾತ್ಸುಮಿ ಕಾರಿನ ಶೆಡ್ಡಿನ ಕಬ್ಬಿಣದ ಕಂಬಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿ ಹಿಡಿದು, ಬೀದಿಗೆ ಮುಖ ಮಾಡಿ ನಿಂತರು. ಶಾಲೆಗೆ ಹೋಗುವ ಮಕ್ಕಳು, ಹಾಲಿನವನು, ಎದುರುಮನೆಯವರು ಎಲ್ಲರೂ ನೋಡಿದರು. ನಾನು ಮೇಲೆ ನೆತ್ತಿಯಾಚೆ ಇದ್ದೆ, ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಕಾತ್ಸುಮಿಸಾನ್, ಏನು, ಗಾಳಿಪಟ ಹಾರಿಸ್ತಿದ್ದೀರಾ?"

"ಹೆಂಡತಿ ಮೇಲಿದ್ದಾಳೆ. ಹಿಮ ಇಳಿಸ್ತಿದ್ದಾಳೆ. ಹಗ್ಗ ಬಿಡೋ ಹಾಗಿಲ್ಲ, ಆಮೇಲೆ ಮಾತಾಡ್ತೀನಿ."

ಆ ಮಾತನ್ನು ಅವರ ಬಾಯಿಂದ ಕೇಳಲು ನವೆಂಬರಿನಿಂದ ಕಾದಿದ್ದೆ.

ಅದೇ ಕಿಟಕಿಯಿಂದ ಹಿಮದ ಮೇಲೆ ಜಾರಿಕೊಂಡು ಬಂದಿದ್ದ ಅತ್ತೆ ಹಿತ್ತಿಲ ಮೂಲೆಯಲ್ಲಿ ನಿಂತು ಕೂಗಿದರು. ಈ ಸಲ ಒಂದೊಂದು ಕೂಗಿಗೂ "ಹೂಂ ಅತ್ತೆ" ಎಂದೆ. ಗಟ್ಟಿ ಹಿಮವನ್ನು ಮೊದಲು ಗೆರೆ ಕೊರೆದು, ಆಮೇಲೆ ಇಟ್ಟಿಗೆಯಷ್ಟು ಇಟ್ಟಿಗೆಯಷ್ಟೇ ಕೀಳಬೇಕಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಕಾಲಡಿಯ ಪದರವೇ ಜಾರಿತು. ನಾನು ಹೊಟ್ಟೆಯಡಿಯಾಗಿ ಸೂರಿನ ಕಡೆಗೆ ಸರ್ರನೆ ಹೋದೆ. ಅಷ್ಟರಲ್ಲಿ ಹಗ್ಗ ಸೊಂಟವನ್ನು ಹಿಡಿದು ನಿಲ್ಲಿಸಿತು. ಆಚೆಯಿಂದ ಕಾತ್ಸುಮಿ ಕಿರುಚಿದರು. "ಇಕುಯೊ! ಇದ್ದೀಯಾ?"

"ಇದ್ದೀನಿ! ಬಿಡ್ಬೇಡಿ!"

"ಬಿಡಲ್ಲ ಕಣೆ!"

ಎರಡು ನಿಮಿಷ ಹಾಗೇ ಮಲಗಿದ್ದೆ. ಆಮೇಲೆ ಎದ್ದೆ. ಎದ್ದು ಸಲಿಕೆ ಹುಡುಕಿದೆ. ಬಿಟ್ಟು ಹೋಗಲು ಅದು ಯಾರೋ ಪರರ ಛಾವಣಿಯಲ್ಲ.

ಎರಡು ಗಂಟೆಗೆ ಅತ್ತೆ ಬಚ್ಚಲ ಕಿಟಕಿಯ ಕೆಳಗೆ ಹಿಮ ಮೆಟ್ಟಿ ಮೆಟ್ಟಿಲು ಮಾಡಿಕೊಂಡು, ಆ ವಯಸ್ಸಿನಲ್ಲಿ, ತಾವೇ ಒಳಗೆ ಹತ್ತಿಹೋದರು. ಸ್ವಲ್ಪ ಹೊತ್ತಿಗೆ ಮುಂಬಾಗಿಲು ಕಿರ್ರೆಂದು ಸರಿಯಿತು. ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು, ಮತ್ತೆ ತೆಗೆದರು.

"ಇಳಿದು ಬಾ. ಅನ್ನಕ್ಕೆ ಬಿಸಿನೀರು ಸುರಿದಿಟ್ಟಿದ್ದೀನಿ," ಎಂದರು.

ಸಂಜೆ ಮಿನೋರಿ ಮುಂಬಾಗಿಲಿನಿಂದಲೇ ಬಂದಳು. ಬಾಗಿಲು ತೆರೆದದ್ದು ಅವಳ ಗಮನಕ್ಕೇ ಬರಲಿಲ್ಲ. ಸಂದರ್ಶನದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಮರೆತುಹೋಯಿತಂತೆ. ಬದಲಿಗೆ ಅಪ್ಪನ ತಲೆಯಲ್ಲಿ ಮೂರು ಮೆಟ್ಟಿಲು ಕಡಿದ ಕಥೆ ಹೇಳಿದಳಂತೆ. ಮೇಷ್ಟ್ರುಗಳು ನಕ್ಕರಂತೆ.

"ನಕ್ಕರೆ ಒಳ್ಳೇದಾ ಕೆಟ್ಟದ್ದಾ?" ಎಂದರು ಕಾತ್ಸುಮಿ, ಹಿಂದಲೆ ಮುಟ್ಟಿಕೊಂಡು.

ಸುಗಾವರಾಗೆ ಬರಬೇಡಿ ಎನ್ನಲು ಬುಧವಾರವೆಲ್ಲ ಫೋನ್ ಮಾಡಿದರೂ ಅವನು ಎತ್ತಲಿಲ್ಲ. ಯಾವುದೋ ಛಾವಣಿಯ ಮೇಲಿದ್ದಿರಬೇಕು. ಗುರುವಾರ ಏಳಕ್ಕೆ ಲಾರಿ ಬಂದೇಬಿಟ್ಟಿತು. ಮೂರು ಆಳು ಎಂದವನು ಒಬ್ಬನನ್ನೇ ಕರೆತಂದಿದ್ದ. ಇಳಿದು, ಮನೆಗೆ ಒಂದು ಸುತ್ತು ಹಾಕಿ, ಉತ್ತರದ ಛಾವಣಿಯ ಕೆಳಗೆ ಬಹಳ ಹೊತ್ತು ನಿಂತ.

ಕಾತ್ಸುಮಿ ತಲೆ ಬಗ್ಗಿಸಿ ಕ್ಷಮೆ ಕೇಳುತ್ತಿದ್ದರು. "ತಪ್ಪಾಯ್ತು ಸುಗಾವರಾಸಾನ್, ಫೋನ್ ಸಿಗಲಿಲ್ಲ. ಬಂದ ಖರ್ಚು ಹೇಳಿ, ಕೊಡ್ತೀನಿ."

"ಖರ್ಚು ಬಿಡಿ. ಇದನ್ನ ಯಾರು ಇಳಿಸಿದ್ದು? ಗೆರೆ ಕೊರೆದು ತೆಗೆದಿದ್ದಾರೆ, ತಗಡಿಗೆ ಒಂದು ಗೀರಿಲ್ಲ. ಇದು ಹಳೇ ಕಾಲದವರ ಕೈ."

"ನನ್ನ ಹೆಂಡತಿ."

ಸುಗಾವರಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನ ಆಳುಗಳಲ್ಲಿ ಒಬ್ಬ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದನಂತೆ. ಇನ್ನೊಬ್ಬ ಎಪ್ಪತ್ತೆರಡರವನು, ಇನ್ನು ಹತ್ತಲಾರೆ ಎಂದನಂತೆ. ಫೆಬ್ರುವರಿಯಲ್ಲಿ ಹದಿನಾರು ಮನೆ ಬಾಕಿ. ಅವನು ಕಾತ್ಸುಮಿಯ ಕಡೆ ತಿರುಗಿದ. "ಶನಿವಾರ, ಭಾನುವಾರ ಇವರನ್ನ ಕಳಿಸ್ತೀರಾ?"

ನಾನು ಗಂಡನ ಮುಖ ನೋಡಿದೆ. ಕೆಂಪಾಗಿತ್ತು.

"ನನ್ನ ಯಾಕೆ ಕೇಳ್ತೀರಿ?" ಎಂದರು ಅವರು. "ಹತ್ತೋಳು ಅವಳು. ಅವಳನ್ನ ಕೇಳಿ."

"ದಿನಕ್ಕೆ ಎಷ್ಟು?" ಎಂದೆ.

"ಆಳಿಗೆ ಹದಿನೆಂಟು ಸಾವಿರ ಕೊಡ್ತೀನಿ. ಹೆಂಗಸರು ಅಂದ್ರೆ... ಹದಿನಾಲ್ಕು ಮಾಡ್ಕೊಳ್ಳೋಣ."

ಮುಂಬಾಗಿಲು ಧಡಾರನೆ ಸರಿಯಿತು. ಬಾಗಿಲ ಹಿಂದೆಯೇ ನಿಂತಿದ್ದರು ಅತ್ತೆ.

"ಏನಪ್ಪ ಸುಗಾವರಾ, ಹೆಂಗಸು ಅಂತ ನೋಡಿ ಹಿಮ ಹಗುರಾಗತ್ತಾ?"

"ಅಲ್ಲ ಅಜ್ಜಿ, ಅದು..."

"ನಿಮ್ಮಮ್ಮನೂ ನಾನೂ ಒಟ್ಟಿಗೇ ಹತ್ತಿದೋರು. ಅವಳು ನಿನ್ನನ್ನ ಹೊಟ್ಟೇಲಿಟ್ಕೊಂಡು ಹತ್ತಿದ್ಲು. ನಾಲ್ಕು ಸಾವಿರ ಕಮ್ಮಿ ಅಂತ ಅವಳ ಸಮಾಧಿ ಮುಂದೆ ಹೋಗಿ ಹೇಳಿ ಬಾ, ಆಮೇಲೆ ನನ್ನ ಸೊಸೇನ ಕರ್ಕೊಂಡು ಹೋಗು."

ಸುಗಾವರಾ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹದಿನೆಂಟೇ," ಎಂದ.

ಫೆಬ್ರುವರಿ ಎಂಟು, ಶನಿವಾರ, ನಾನು ಮೊದಲ ಸಲ ಬೇರೆಯವರ ಛಾವಣಿ ಹತ್ತಿದೆ. ಸಂಜೆ ಲಕೋಟೆ ಹಿಡಿದು ಮನೆಗೆ ಬಂದರೆ ಮಿನೋರಿ ಬಾಗಿಲಲ್ಲೇ ಕುಣಿಯುತ್ತಿದ್ದಳು. ಶಾಲೆಯಿಂದ ಪತ್ರ ಬಂದಿತ್ತು. ಆಯ್ಕೆಯಾಗಿದ್ದಳು. ಅಂಚೆ ಕಚೇರಿಯಲ್ಲಿದ್ದ ಎರಡು ಲಕ್ಷ ಅರವತ್ತನಾಲ್ಕು ಸಾವಿರದಲ್ಲಿ ಒಂದು ಯೆನ್ ಕೂಡ ಅಲುಗಿರಲಿಲ್ಲ. ಕಾತ್ಸುಮಿ ಸೋಮವಾರ ಕಟ್ಟಬೇಕಾದ ಚಲನ್ ಅನ್ನು ಆಗಲೇ ತುಂಬಿ, ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕೂತು ಮೂಲಂಗಿ ಹೆಚ್ಚುತ್ತಿದ್ದರು. ತುಂಡುಗಳು ಒಂದೊಂದು ಒಂದೊಂದು ದಪ್ಪ.

ನಮ್ಮಲ್ಲಿ ಮೊದಲ ಸಂಬಳವನ್ನು ತೀರಿಕೊಂಡ ಹಿರಿಯರ ಪೂಜಾಗೂಡಿನ ಮುಂದೆ ಇಡುತ್ತಾರೆ. ಮಾವನವರ ಫೋಟೊ ಅಲ್ಲಿದೆ, ಹೆಲ್ಮೆಟ್ ಹಾಕಿ ಟೋಕಿಯೊದ ಯಾವುದೋ ಸೇತುವೆಯ ಮುಂದೆ ನಿಂತದ್ದು. ನಾನು ಲಕೋಟೆಯನ್ನು ಅತ್ತೆಯವರ ಕೈಗೆ ಕೊಟ್ಟೆ. ಮಿನೋರಿ ಪತ್ರ ಕೊಟ್ಟಳು. ಅತ್ತೆ ಎರಡನ್ನೂ ಫೋಟೊದ ಮುಂದಿಟ್ಟು, ಊದುಬತ್ತಿ ಹಚ್ಚಿ, ಬಗ್ಗಿದ ಸೊಂಟವನ್ನು ಇನ್ನಷ್ಟು ಬಗ್ಗಿಸಿ ಕೂತರು. ನಾವು ಮೂವರೂ ಹಿಂದೆ ಕೈ ಮುಗಿದು ಕೂತೆವು.

"ಏನ್ರೀ, ಕೇಳಿಸ್ತಾ? ಮೊಮ್ಮಗಳಿಗೆ ಸೀಟು ಸಿಕ್ಕಿದೆ. ಛಾವಣಿ ಹತ್ತಿದ್ದಕ್ಕೆ ಸೊಸೆಗೆ ಇವತ್ತು ಒಂದು ದಿನಕ್ಕೆ ಹದಿನೆಂಟು ಸಾವಿರ ಕೊಟ್ಟಿದ್ದಾರೆ."

ಲಕೋಟೆಯನ್ನು ಫೋಟೊದ ಹತ್ತಿರಕ್ಕೆ ಇನ್ನಷ್ಟು ಸರಿಸಿದರು. ಮುಗಿಯಿತೆಂದು ಕಾತ್ಸುಮಿ ಏಳಲು ಹೊರಟರು.

"ನಾನು ಹನ್ನೊಂದು ಚಳಿಗಾಲ ಹತ್ತಿದೆ. ಒಂದು ಚಳಿಗಾಲಕ್ಕೆ ಐದು ಸಲ. ಮಾರ್ಚ್‌ಗೆ ಬಂದು, ಮನೆ ನಿಂತಿದೆಯಲ್ಲ, ಒಳ್ಳೇದಾಯ್ತು ಅಂದ್ರಿ, ಅಷ್ಟೆ. ಇಬ್ಬರಲ್ಲಿ ಲೆಕ್ಕ ಬರೋರು ನೀವೇ. ಕೂತು ನನ್ನ ಕೂಲಿ ಲೆಕ್ಕ ಹಾಕ್ತಾ ಇರಿ. ನಾನು ಅಲ್ಲಿಗೆ ಬರೋಷ್ಟರಲ್ಲಿ ಮುಗಿದಿರ್ಬೇಕು."

ಹೇಳಿ, ಗೂಡಿನ ಮುಂದಿನ ಗಂಟೆಯನ್ನು ಎಂದಿಗಿಂತ ಜೋರಾಗಿ ಒಂದು ಸಲ ಬಾರಿಸಿದರು.